ಹಾಸಿಗೆ ಹಿಡಿದವರ ಮನೆಯಲ್ಲಿ ದುಡಿಯುವ ಜೀವಕ್ಕೆ ನೆರವು: ವಿಜಯಪುರದ ಬಿಸಿಲಿಗೆ ಒಗ್ಗುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳ ಕೊನೆಯ ವಾರ. ಮಧ್ಯಾಹ್ನ ಎರಡರ ಸುಮಾರಿಗೆ ಅಣ್ಣ ಫೋನ್ ಮಾಡಿದ. "ನಿಮ್ಮ ವೈನಿ ಅಡಗಿ ಮನ್ಯಾಗ ಬಿದ್ದುಬಿಟ್ಟಾಳ, ಲಗೂನ ಬಾ" ಅಂದ. ನಾನಿರುವುದು ಅದೇ ಊರಿನಲ್ಲಿ, ಮೂರು ಓಣಿ ಆಚೆ. ಓಡಿಹೋದಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಗೋಡೆಗೆ ಒರಗಿ ಕೂತಿದ್ದರು. ಮೈ ಕಾದ ಹಂಚಿನ ಹಾಗೆ ಬಿಸಿ. ಒಳಗಿನ ಕೋಣೆಯಲ್ಲಿ ನಮ್ಮ ಅವ್ವ. ಲಕ್ವಾ (ಪಾರ್ಶ್ವವಾಯು) ಹೊಡೆದು ಹಾಸಿಗೆ ಹಿಡಿದು ಆಗ ವರ್ಷದ ಮೇಲಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಮುಂಜಾನೆಯಿಂದ ಎಷ್ಟು ನೀರು ಕುಡಿದಿದ್ದೀರಿ?" ಒಂದು ಕಪ್ ಚಹಾ, ಅರ್ಧ ಲೋಟ ನೀರು. ಯಾಕೆ ಅಂದರೆ, "ನೀರು ಕುಡದ್ರ ಬಚ್ಚಲಕ್ಕ ಹೋಗಬೇಕಾಗ್ತದ. ಅತ್ತಿ ಒಬ್ಬರ ಆಗ್ತಾರ" ಅಂದರು. ಒಂದು ವರ್ಷ ನಾವೆಲ್ಲ ದಿನಾ ಫೋನ್ ಮಾಡಿ ಅವ್ವನ ಬಿಪಿ ಎಷ್ಟು ಅಂತ ಕೇಳಿದ್ದೆವು. ವೈನಿಯ ಬಿಪಿ ಎಷ್ಟು ಅಂತ ಯಾರೂ ಕೇಳಿರಲಿಲ್ಲ. ಅವತ್ತು ಗೊತ್ತಾಯಿತು, ಅದೂ ಜಾಸ್ತಿಯೇ ಇತ್ತು.

ಹಾಗಾಗಿ ಇದನ್ನು ರೋಗಿಯನ್ನು ನೋಡಿಕೊಳ್ಳುವವರಿಗಾಗಿ ಬರೆದಿಲ್ಲ. ಅವರಿಗೆ ಓದಲು ಪುರಸೊತ್ತೂ ಇರುವುದಿಲ್ಲ. ಅವರ ಸುತ್ತ ಇರುವ ಗಂಡ, ಮಗಳು, ಮೈದುನ, ಪಕ್ಕದ ಮನೆಯವರು ಓದಲಿ ಅಂತ ಬರೆದಿದ್ದೇನೆ. ನಮ್ಮ ಕಡೆ ಬಿಸಿಲು ವರ್ಷವರ್ಷಕ್ಕೆ ತಡೆಯಲಾಗದಂತೆ ಆಗುತ್ತಿದೆ. ಕರೆಂಟು, ನೀರು, ಗ್ಯಾಸು ಉಳಿಸುವ ದಾರಿಗಳನ್ನೂ ಜೊತೆಗೇ ಹೇಳುತ್ತೇನೆ. ಆದರೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಪರಿಸರಕ್ಕೆ ಒಳ್ಳೆಯದು ಅಂತ ತರುವ ಯಾವ ಪದ್ಧತಿಯೂ ನೋಡಿಕೊಳ್ಳುವಾಕೆಯ ತಲೆ ಮೇಲೆ ಇನ್ನೊಂದು ಕೆಲಸ ಹೇರಬಾರದು. ಹೇರುವುದಾದರೆ ಆ ಕೆಲಸವನ್ನು ಮನೆಯ ಬೇರೆಯವರು ಮಾಡಬೇಕು.

ಹೆಜ್ಜೆ 1: ಎರಡು ದಿನ ಸುಮ್ನೆ ಕೂತು ನೋಡಿ

ಸಹಾಯ ಮಾಡುತ್ತೇನೆ ಅಂತ ಹೋಗಿ ಮೊದಲ ದಿನವೇ ಸಲಹೆ ಕೊಡಬೇಡಿ. ಒಂದು ನೋಟ್‌ಬುಕ್ ಹಿಡಿದು ಬೆಳಿಗ್ಗೆಯಿಂದ ರಾತ್ರಿವರೆಗೆ ಬರೆಯಿರಿ. ಎಷ್ಟು ಹೊತ್ತಿಗೆ ಎದ್ದರು, ರಾತ್ರಿ ಎಷ್ಟು ಸಲ ಎದ್ದರು, ಯಾವಾಗ ಊಟ ಮಾಡಿದರು, ಎಷ್ಟು ಲೋಟ ನೀರು ಕುಡಿದರು, ಎಷ್ಟು ಸಲ ಬಗ್ಗಿ ಎತ್ತಿದರು, ಯಾವ ಕೆಲಸ ನಡುಮಧ್ಯಾಹ್ನದ ಬಿಸಿಲಿಗೆ ಬಿತ್ತು. ನಮ್ಮ ಪಟ್ಟಿಯಲ್ಲಿ ಎದ್ದು ಕಂಡದ್ದು ಮೂರು. ವೈನಿ ಬೆಳಗಿನ ಊಟ ಮಾಡುತ್ತಿದ್ದದ್ದು ಹನ್ನೊಂದೂವರೆಗೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ರೊಟ್ಟಿ ಬಡಿಯುವ ಹೊತ್ತು ಮಧ್ಯಾಹ್ನ ಒಂದು ಗಂಟೆ.

ಅದೇ ವಾರ ಅವರನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ, ಸಕ್ಕರೆ, ರಕ್ತದ ಹಿಮೋಗ್ಲೋಬಿನ್, ತೂಕ ನೋಡಿಸಿ. ಆ ಹೊತ್ತಿಗೆ ರೋಗಿಯ ಹತ್ತಿರ ನೀವೋ ಮನೆಯ ಇನ್ನೊಬ್ಬರೋ ಇರಿ. ಇಲ್ಲದಿದ್ದರೆ ಅವರು ಖಂಡಿತ ಹೋಗುವುದಿಲ್ಲ.

ಹೆಜ್ಜೆ 2: ಬಿಸಿಲಿಗೆ ಮೊದಲು ಮನೆ ತಯಾರಾಗಲಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರೆ. ನಮ್ಮಲ್ಲಿ ಅದರ ಬೆನ್ನಿಗೇ ಬಿಸಿಲು ಬಂದು ಕೂರುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ವಿಜಯಪುರಕ್ಕೆ ಹೊಸದಲ್ಲ. ಹಾಸಿಗೆಯಲ್ಲಿ ಇರುವವರು ಎದ್ದು ತಂಪಿನ ಜಾಗಕ್ಕೆ ಹೋಗಲಾರರು. ಅವರನ್ನು ಬಿಟ್ಟು ನೋಡಿಕೊಳ್ಳುವವರೂ ಹೋಗಲಾರರು. ಆ ಒಂದು ಕೋಣೆ ತಂಪಾದರೆ ಇಬ್ಬರಿಗೂ ಜೀವ ಬಂದ ಹಾಗೆ.

ಮೊದಲು ಕೋಣೆ ಆರಿಸಿ. ಪಶ್ಚಿಮದ ಗೋಡೆ ಇರುವ ಕೋಣೆ ಬೇಡ. ಸಂಜೆ ಬಿಸಿಲು ಕುಡಿದ ಗೋಡೆ ರಾತ್ರಿ ಹನ್ನೊಂದರವರೆಗೂ ಶಾಖ ಬಿಡುತ್ತದೆ. ಹಳೆಯ ಮೇಲ್ಮುದ್ದೆ ಮನೆ ಇದ್ದರೆ ನೀವು ಪುಣ್ಯವಂತರು. ದಪ್ಪ ಮಣ್ಣಿನ ಮಾಳಿಗೆ ಬಿಸಿಲನ್ನು ಬೇಗ ಒಳಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಮಣ್ಣು ಹಾಕಿಸಿದರೆ ಸಾಕು. ಅಂಥ ಕೋಣೆ ಬಿಟ್ಟು ರೋಗಿಯನ್ನು ಹೊಸ ಆರ್‌ಸಿಸಿ ಕೋಣೆಗೆ ಸಾಗಿಸುವವರನ್ನು ನೋಡಿದ್ದೇನೆ. ಬೇಸಿಗೆಗೆ ಹಾಗೆ ಮಾಡಬೇಡಿ.

ಆರ್‌ಸಿಸಿ ಮಾಳಿಗೆಗೆ ಸುಣ್ಣ ಬಳಿಯಿರಿ. ಖರ್ಚು ಕಡಿಮೆ, ಉಪಯೋಗ ಜಾಸ್ತಿ. ಬಿಳಿ ಬಣ್ಣ ಬಿಸಿಲನ್ನು ಮೇಲಕ್ಕೇ ವಾಪಸ್ ಕಳಿಸುತ್ತದೆ. ಒಳಗಿನ ಶಾಖ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮಾಡುವ ಕ್ರಮ ಹೀಗೆ:

ಮಾಳಿಗೆಯ ಧೂಳು ಗುಡಿಸಿ, ತೊಳೆದು ಒಣಗಲು ಬಿಡಿ. ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಲು ಹಾಕಿ, ಸೋಸಿ, ಸ್ವಲ್ಪ ಅಂಟು ಬೆರೆಸಿ. ಹಿಡಿ ಕುಂಚದಿಂದ ಒಂದು ಕೋಟ್, ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು ಕೋಟ್. ಸಂಜೆ ಹೊತ್ತು ಮಾಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಸುಣ್ಣ ಸುಡುತ್ತದೆ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿವರ್ಷ ಯುಗಾದಿಗೆ ಮುಂಚೆ ಬಳಿಯಬೇಕು. ತಗಡಿನ ಮಾಡಿಗೆ ಸುಣ್ಣ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿ, ಒಳಗಡೆ ಬಿದಿರಿನ ತಟ್ಟಿ ಕಟ್ಟಿಸಿ. ಈ ಕೆಲಸ ಮನೆಯ ಗಂಡುಮಕ್ಕಳದ್ದು. ಒಂದು ಭಾನುವಾರ ಸಾಕು.

ಕಿಟಕಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ಪರದೆ ಎಳೆಯಿರಿ. ರಾತ್ರಿ ತೆರೆಯಿರಿ. ಹಗಲು ಗಾಳಿ ಬರಲಿ ಅಂತ ತೆರೆದಿಟ್ಟರೆ ಬರುವುದು ಬರೀ ಝಳ.

ಫ್ಯಾನಿನ ಲೆಕ್ಕ ನೋಡಿ. ರೋಗಿಯ ಕೋಣೆಯಲ್ಲಿ ದಿನಕ್ಕೆ 20 ಗಂಟೆ ಫ್ಯಾನ್ ತಿರುಗುತ್ತದೆ ಅನ್ನಿ. ಹಳೆಯ ಫ್ಯಾನ್ 75 ವ್ಯಾಟ್, ತಿಂಗಳಿಗೆ 45 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್, ತಿಂಗಳಿಗೆ 18 ಯೂನಿಟ್. ಒಂದೇ ಫ್ಯಾನಿನಿಂದ 27 ಯೂನಿಟ್ ಉಳಿಯಿತು. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ದಾಟದಂತೆ ನೋಡಿಕೊಳ್ಳಲು ಇದು ದೊಡ್ಡ ಆಸರೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಎರಡು ಪಟ್ಟು ಹೊತ್ತು ನಡೆಯುತ್ತದೆ ಅನ್ನುವುದು ನನಗೆ ಅದಕ್ಕಿಂತ ಮುಖ್ಯ ಅನಿಸಿತು.

ಆದರೆ ಕೋಣೆಯೊಳಗೇ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ತಂಪು ಕೊಡುವುದಿಲ್ಲ, ಬಿಸಿ ಗಾಳಿಯನ್ನೇ ಮೈಗೆ ಬಡಿಯುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸಿ ಫ್ಯಾನ್ ಹಾಕಬೇಕು. ನಮ್ಮ ಒಣ ಹವೆಗೆ ಕೂಲರ್ ಚೆನ್ನಾಗಿ ಹೊಂದುತ್ತದೆ, ಎಸಿ ಎಳೆಯುವ ಕರೆಂಟಿನಲ್ಲಿ ಕಾಲು ಭಾಗವೂ ಬೇಕಾಗುವುದಿಲ್ಲ. ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಕೋಣೆ ಬೆವರುತ್ತದೆ. ಕೂಲರ್ ತೊಟ್ಟಿ, ನಳದ ನೀರು ಹಿಡಿದಿಟ್ಟ ಡ್ರಮ್ಮು ಎರಡನ್ನೂ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ. ಡೆಂಗ್ಯೂ ಸೊಳ್ಳೆ ಬೆಳೆಯುವುದು ಅಲ್ಲಿಯೇ.

ಇನ್ನು ನೀರು ಕುಡಿಯುವುದು. ನೋಡಿಕೊಳ್ಳುವವರಿಗೆ ಅಂತಲೇ ಬೇರೆ ಒಂದು ಹೂಜಿ, ಒಂದು ಲೋಟ ರೋಗಿಯ ಮಂಚದ ಪಕ್ಕ ಇಡಿ. ರೋಗಿಗೆ ಗುಟುಕು ಕೊಟ್ಟಾಗಲೆಲ್ಲ ತಾವೂ ಕುಡಿಯಲಿ. ಮಜ್ಜಿಗೆ, ಲಿಂಬೆ ಪಾನಕ, ಅಂಬಲಿ ಯಾವುದಾದರೂ ಆದೀತು. ಇಂಡಿ ತಾಲೂಕಿನ ಲಿಂಬೆಹಣ್ಣು ಇರುವ ಜಿಲ್ಲೆಯಲ್ಲಿ ಬಾಟಲಿಯ ತಂಪುಪಾನೀಯ ಯಾಕೆ ಬೇಕು ಹೇಳಿ? ಸುಸ್ತು, ಭೇದಿ ಆದರೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಸಮವಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದು ನೀರು ಕಡಿಮೆ ಕುಡಿಯಲು ಹೇಳಿದ್ದರೆ ಬೇಸಿಗೆಗೆ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ. ಕೂಡಲೇ 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ವೈನಿಯ ಬಾಯಿಗೆ ಅವತ್ತು ಅಣ್ಣ ಗಾಬರಿಯಲ್ಲಿ ನೀರು ಹಾಕಲು ಹೋಗಿದ್ದ. ದೇವರ ದಯೆ, ಅಷ್ಟರಲ್ಲಿ ಅವರಿಗೆ ಎಚ್ಚರವಾಗಿತ್ತು.

ಹೆಜ್ಜೆ 3: ಸೊಂಟ ಉಳಿಸುವ ವಿದ್ಯೆ

ಬೆನ್ನಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ದಿನಕ್ಕೆ ಹನ್ನೆರಡು ಸಲ. ಒಬ್ಬರೇ ಎತ್ತಿ ಎತ್ತಿ ಮಾಡಿದರೆ ಆರು ತಿಂಗಳಲ್ಲಿ ಸೊಂಟ ಹೋಗುತ್ತದೆ.

ಎತ್ತಬಾರದು, ಜಾರಿಸಬೇಕು. ಒಂದು ಗಟ್ಟಿ ಹತ್ತಿ ಚಾದರವನ್ನು ಎರಡು ಮಡಿಕೆ ಮಾಡಿ ರೋಗಿಯ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿ. ಇಬ್ಬರು ಆಚೆ ಈಚೆ ನಿಂತು ಚಾದರದ ಅಂಚನ್ನು ರೋಗಿಯ ಮೈಗೆ ಹತ್ತಿರ ಸುತ್ತಿ ಹಿಡಿಯಿರಿ. ಮಂಡಿ ಸ್ವಲ್ಪ ಬಗ್ಗಲಿ, ಬೆನ್ನು ನೆಟ್ಟಗಿರಲಿ. ಒಂದು, ಎರಡು, ಮೂರು ಅಂತ ಒಟ್ಟಿಗೆ ಎಣಿಸಿ ಸರಿಸಿ. ಮಗ್ಗುಲಿಗೆ ತಿರುಗಿಸಿದಾಗ ಪೂರ್ತಿ ಪಕ್ಕಕ್ಕೆ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ, ಸುಮಾರು 30 ಡಿಗ್ರಿ, ಮಲಗಿಸಿ. ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿ. ಲಕ್ವಾ ಹೊಡೆದ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ತಪ್ಪುತ್ತದೆ.

ಚರ್ಮ ಕೆಂಪಾಗಿ, ಬೆರಳಲ್ಲಿ ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಅದನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಡಾಕ್ಟರಿಗೆ ತೋರಿಸಿ. ನಡುವೆ ತೂತಿರುವ ಟ್ಯೂಬಿನಂಥ ದಿಂಬುಗಳೂ ಬೇಡ, ಅವು ಸುತ್ತಲಿನ ರಕ್ತ ಓಡಾಟ ತಡೆಯುತ್ತವೆ.

ಮಂಚದ ಕಾಲಿಗೆ ಗಟ್ಟಿಯಾದ ಮರದ ತುಂಡು ಕೊಟ್ಟು ನೋಡಿಕೊಳ್ಳುವಾಕೆಯ ಸೊಂಟದ ಮಟ್ಟಕ್ಕೆ ಎತ್ತರಿಸಿ. ನಾವು ಮಾಡಿದ ಬದಲಾವಣೆಗಳಲ್ಲಿ ವೈನಿ ಇವತ್ತಿಗೂ ನೆನೆಯುವುದು ಇದನ್ನೇ. ಆದರೆ ಎತ್ತರದ ಮಂಚದಿಂದ ರೋಗಿ ಉರುಳದಂತೆ ಬದಿಗೆ ಅಡ್ಡಗಟ್ಟಿ ಇರಲೇಬೇಕು.

ಹೆಜ್ಜೆ 4: ಕೌದಿ, ಡೈಪರ್, ಕಸ

ಇಲ್ಲಿ ಜನ ಎರಡು ತುದಿಗೆ ಹೋಗುತ್ತಾರೆ. ದಿನವಿಡೀ ಡೈಪರ್ ಹಾಕಿದರೆ ಖರ್ಚು, ಚರ್ಮಕ್ಕೆ ಬಾಧೆ, ಕಸದ ರಾಶಿ. ಪರಿಸರ ಉಳಿಸೋಣ ಅಂತ ಪೂರ್ತಿ ಬಟ್ಟೆಗೆ ಬಂದರೆ ಒಗೆಯುವವಳ ಕೈ ಮುರಿಯುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ. ಹಗಲು ಬಟ್ಟೆ, ರಾತ್ರಿ ಡೈಪರ್. ರಾತ್ರಿಯ ನಿದ್ದೆಗಾಗಿ ಒಂದು ಡೈಪರ್ ಬಳಸಿದರೆ ಅದಕ್ಕೆ ಯಾರೂ ಮುಖ ಸಣ್ಣ ಮಾಡಬಾರದು.

ಹಗಲಿಗೆ ನಮ್ಮ ಕೌದಿ ಇದೆಯಲ್ಲ. ಹಾಸಿ ಹೊದೆಯುವ ದೊಡ್ಡ ಕೌದಿ ಬೇಡ, ನೆನೆದರೆ ಎತ್ತಲಿಕ್ಕೂ ಆಗುವುದಿಲ್ಲ. ಕೂಸಿಗೆ ಹಾಸುವಂಥ ಸಣ್ಣ ಕೌದಿ, ಮೂರು ಅಡಿ ಉದ್ದ, ಮೂರು ಅಡಿ ಅಗಲ. ಹಳೆಯ ಹತ್ತಿ ಸೀರೆ, ಧೋತರಗಳ ನಾಲ್ಕೈದು ಪದರ ಸಾಕು. ಎಂಟು ಕೌದಿ ಇದ್ದರೆ ಒಂದು ದಿನ ಕಳೆಯುತ್ತದೆ. ಹೊಲಿಯುವಾಗ ದಾರದ ಗಂಟು ಮೇಲೆ ಬರಬಾರದು, ತೆಳು ಚರ್ಮಕ್ಕೆ ಅದೂ ಒತ್ತುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಅವು ಬೇಡ. ಕೆಳಗೆ ರಬ್ಬರ್ ಶೀಟ್, ಮೇಲೆ ಒಂದೇ ಕೌದಿ. ಏರ್ ಬೆಡ್ ಇದ್ದರೆ ಮೂರ್ನಾಲ್ಕು ಹಾಸುಗಳನ್ನು ಪೇರಿಸಬೇಡಿ, ಗಾಳಿ ಹಾಸಿಗೆಯ ಉಪಯೋಗವೇ ಹೋಗುತ್ತದೆ. ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಯರು ಇದ್ದರೆ ಕೂಲಿ ಕೊಟ್ಟು ಹೊಲಿಸಿ.

ಒಗೆಯುವುದು ಗಂಡನ ಅಥವಾ ಮಗನ ಪಾಲಿಗೆ ಇರಲಿ. ಗ್ಲೌಸ್ ಹಾಕಿಕೊಂಡು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಬೇರೆಯಾಗಿ ಒಗೆದು, ಸುಡುವ ಬಿಸಿಲಿಗೆ ಹಾಕಿ. ಕೊನೆಯ ಸಲ ಜಾಲಿಸಿದ ನೀರನ್ನು ಸಂಡಾಸಕ್ಕೆ ಹಾಕಲು ಇಟ್ಟುಕೊಳ್ಳಿ. ಸೊಪ್ಪಿನ ಮಡಿಗೆ ಬಿಡಬೇಡಿ.

ಬಳಸಿದ ಡೈಪರಿನ ಮಲವನ್ನು ಸಂಡಾಸಕ್ಕೆ ಹಾಕಿ, ಸುರುಳಿ ಸುತ್ತಿ, ಹಳೆ ಪೇಪರಿನಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಮಾಡಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಕಸ ಎತ್ತುವವರ ಕೈಗೆ ಅದು ಬಿಚ್ಚಿಕೊಂಡು ಸಿಗಬಾರದು. ಹಿತ್ತಲಲ್ಲಿ ಸುಡುವುದು ಬೇಡವೇ ಬೇಡ. ಅದರಲ್ಲಿ ಪ್ಲಾಸ್ಟಿಕ್ ಇದೆ, ಆ ಹೊಗೆ ಮೊದಲು ಹೋಗುವುದು ನಿಮ್ಮದೇ ಮನೆಯೊಳಗೆ. ಇನ್ಸುಲಿನ್ ಸೂಜಿಗಳನ್ನು ಖಾಲಿ ಫಿನಾಯಿಲ್ ಬಾಟಲಿಯಂಥ ಗಟ್ಟಿ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಮುಚ್ಚಳ ಬಿಗಿದು ಆಸ್ಪತ್ರೆಗೆ ಕೊಟ್ಟು ಬನ್ನಿ.

ಮೇ ತಿಂಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮಧ್ಯಾಹ್ನ ಮಾಳಿಗೆಯ ಟಾಕಿಯಿಂದ ಬರುವ ನೀರು ಕುದಿಯುವಷ್ಟು ಕಾದಿರುತ್ತದೆ. ಲಕ್ವಾ ಹೊಡೆದ ಕಡೆ ಸ್ಪರ್ಶ ಗೊತ್ತಾಗದವರಿಗೆ ಆ ನೀರು ಹಾಕಿದರೆ ಬೊಬ್ಬೆ ಏಳುತ್ತವೆ. ಅದನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಸಂಜೆ ಸ್ನಾನಕ್ಕೆ ಬಳಸಿ, ಗ್ಯಾಸೂ ಉಳಿಯುತ್ತದೆ. ಹಾಕುವ ಮುಂಚೆ ನಿಮ್ಮ ಮೊಣಕೈ ಅದ್ದಿ ನೋಡಿ.

ಹೆಜ್ಜೆ 5: ಒಂದೇ ಒಲೆ, ಒಂದೇ ಅಡುಗೆ

ರೋಗಿಗೆ ಬೇರೆ, ಮಕ್ಕಳಿಗೆ ಬೇರೆ, ಗಂಡನಿಗೆ ಬೇರೆ ಅಂತ ಮೂರು ಅಡುಗೆ ಮಾಡುವ ಮನೆಗಳಿವೆ. ಅದನ್ನು ನಿಲ್ಲಿಸಿ. ನಮ್ಮ ಬಿಳಿಜೋಳವೇ ಎಲ್ಲರಿಗೂ ಆಗುತ್ತದೆ. ಹಿಂಗಾರಿಯಲ್ಲಿ ಎರೆಹೊಲದ ತೇವದ ಮೇಲೇ ಬೆಳೆಯುವ ಬೆಳೆ, ಭತ್ತದಷ್ಟು ನೀರು ಕುಡಿಯುವುದಿಲ್ಲ. ದೊಡ್ಡವರಿಗೆ ರೊಟ್ಟಿ. ಹಲ್ಲಿಲ್ಲದವರಿಗೆ ಬಿಸಿ ರೊಟ್ಟಿಯನ್ನು ಖಾರ ಕಡಿಮೆ ಹಾಕಿ ಕುಟ್ಟಿದ ಮುಟಗಿ, ಅಥವಾ ಬೇಳೆಸಾರಿನಲ್ಲಿ ನೆನೆಸಿದ ರೊಟ್ಟಿ. ನುಂಗಲು ಕಷ್ಟ ಇರುವವರಿಗೆ ನುಣ್ಣಗೆ ಬೇಯಿಸಿದ ನುಚ್ಚು, ಅಂಬಲಿ.

ಲಕ್ವಾ ಆದ ಕೆಲವರಿಗೆ ತೆಳು ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುಡಿದಾಗ ಕೆಮ್ಮು ಬಂದರೆ, ದನಿ ಒದ್ದೆಯಾದ ಹಾಗೆ ಕೇಳಿಸಿದರೆ ಡಾಕ್ಟರಿಂದ ನುಂಗುವ ಪರೀಕ್ಷೆ ಮಾಡಿಸಿ. ಎಷ್ಟು ಗಟ್ಟಿ ಕೊಡಬೇಕು ಅಂತ ಅವರೇ ಹೇಳುತ್ತಾರೆ. ಯಾವುದನ್ನು ಕೊಟ್ಟರೂ ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ ಕೊಡಿ, ಊಟವಾದ ಮೇಲೆ ಅರ್ಧ ಗಂಟೆ ಹಾಗೇ ಕೂತಿರಲಿ.

ಬೇಸಿಗೆಯ ಎರಡು ತಿಂಗಳು ಮಧ್ಯಾಹ್ನ ರೊಟ್ಟಿ ಬಡಿಯುವುದನ್ನೇ ಬಿಡಿಸಿದೆವು. ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘದವರಿಂದ ವಾರಕ್ಕಾಗುವಷ್ಟು ತರುತ್ತಿದ್ದೆವು. ಒಣ ಡಬ್ಬಿಯಲ್ಲಿಟ್ಟರೆ ಕೆಡುವುದಿಲ್ಲ. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಆರಕ್ಕೆ ಕುಕ್ಕರಿನಲ್ಲಿ ಬೇಯಿಸಿದರೆ ಬಿಸಿಲೇರುವ ಮುಂಚೆ ಒಲೆ ಆರುತ್ತದೆ. ಕಟ್ಟಿಗೆ ಒಲೆ ಇನ್ನೂ ಇದ್ದರೆ ರೋಗಿಯ ಕೋಣೆಯಿಂದ ದೂರ, ಹೊರಗೆ ಇರಲಿ. ಹೊಗೆ ರೋಗಿಗೂ ಒಲೆ ಮುಂದೆ ಕೂತವರಿಗೂ ಎದೆ ಕೆಡಿಸುತ್ತದೆ.

ನೋಡಿಕೊಳ್ಳುವವರ ತಟ್ಟೆ ನೋಡಿ. ಎಲ್ಲರದ್ದೂ ಮುಗಿದ ಮೇಲೆ ಉಳಿದ ರೊಟ್ಟಿ, ಚಟ್ನಿ ಅಷ್ಟೇ ಇರುತ್ತದೆ, ಅಲ್ವಾ? ಅವರ ತಟ್ಟೆಗೆ ಹೆಸರುಕಾಳು ಅಥವಾ ಮಡಕಿ ಕಾಳಿನ ಪಲ್ಯ, ಮೊಸರು, ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ (ಚಟ್ನಿಪುಡಿ), ಹಸಿ ಮೆಂತ್ಯ ಇಲ್ಲವೇ ಹಕ್ಕರಕಿ ಸೊಪ್ಪು ಬೀಳಬೇಕು. ಬಿಪಿ ಇದ್ದರೆ ಹಿಂಡಿಗೆ ಉಪ್ಪು ಕಡಿಮೆ. ರೋಗಿಗೆ ಉಣ್ಣಿಸುವ ಮುಂಚೆ ಅವರು ಉಣ್ಣಲಿ. ಇದಕ್ಕೆ ಹಿರಿಯರು ಗೊಣಗಿದರೆ ಮನೆಯ ಮಗನೇ ಮುಂದೆ ನಿಂತು ಹೇಳಬೇಕು.

ಹೆಜ್ಜೆ 6: ಔಷಧ

ಮಾರ್ಚ್ ತಿಂಗಳಲ್ಲೇ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿಯ ಕೆಲವು ಮಾತ್ರೆ, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳು ಸೆಕೆಯಲ್ಲಿ ಮೈಯನ್ನು ಇನ್ನಷ್ಟು ದಣಿಸುತ್ತವೆ. ಪ್ರಮಾಣ ಬದಲಿಸಬೇಕೇ ಅಂತ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಿನಲ್ಲಿ ಇರಲಿ, ಐಸ್ ಕಟ್ಟುವ ಕಡೆ ಬೇಡ. ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಕುಡಿಕೆ ಇಟ್ಟು, ನೀರು ತಾಗದಂತೆ ಚೀಲದಲ್ಲಿ ಸುತ್ತಿದ ಬಳಕೆಯ ಇನ್ಸುಲಿನ್ ಇಡಬಹುದು. ಗಡಿಗೆ ನೆರಳಲ್ಲಿ, ಗಾಳಿ ಆಡುವ ಕಡೆ ಇರಬೇಕು.

ಹೆಜ್ಜೆ 7: ಕಾಗದಪತ್ರ, ಸರ್ಕಾರದ ನೆರವು

ಓಡಾಟ ಪೂರ್ತಿ ನಿಮ್ಮದೇ. ಲಕ್ವಾದಿಂದ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಉಳಿದಿದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಮಾಸಾಶನ, ಗಾಲಿಕುರ್ಚಿಯಂಥ ಸೌಲಭ್ಯಗಳಿಗೆ ಅದೇ ಆಧಾರ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬುವುದಕ್ಕೆ ಅವರೇ ನೆರವಾಗುತ್ತಾರೆ. ನೋಡಿಕೊಳ್ಳುವವರಿಗೂ ಭತ್ಯೆ ಸಿಗಬೇಕು ಅನ್ನುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ನಿಮಗೆ ಅದು ಅನ್ವಯಿಸುತ್ತದೆಯೇ ಅಂತ ಕೇಳಲು ಸಂಕೋಚ ಬೇಡ. ಹಿರಿಯ ನಾಗರಿಕರ ಸಹಾಯವಾಣಿ 14567. ಆಶಾ ಕಾರ್ಯಕರ್ತೆಯ ನಂಬರ್ ಗೋಡೆಯ ಮೇಲೆ ಬರೆದಿರಲಿ.

ಹೆಜ್ಜೆ 8: ಬಿಡುವು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಸಾಮಾನು ತರುವುದು, ಸುಣ್ಣ ಬಳಿಯುವುದು ಸುಲಭ. "ಇವತ್ತು ನಾನು ಇರ್ತೀನಿ, ನೀವು ಹೋಗಿ" ಅಂತ ಹೇಳಿ ನಿಜವಾಗಿ ಇರುವುದು ಕಷ್ಟ.

ನಾವು ಮೂವರು ಹಂಚಿಕೊಂಡೆವು. ವಾರಕ್ಕೆ ಎರಡು ರಾತ್ರಿ ಅಣ್ಣ ಅವ್ವನ ಕೋಣೆಯಲ್ಲಿ, ಒಂದು ರಾತ್ರಿ ನಾನು. ಆ ಮೂರು ರಾತ್ರಿ ವೈನಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಮೊದಲ ವಾರ ಅವರಿಗೆ ನಿದ್ದೆಯೇ ಬರಲಿಲ್ಲ. ಎರಡು ಸಲ ಎದ್ದು ಬಂದು ಇಣುಕಿದರು. ನಾವು ಬೇಸರ ಮಾಡಿಕೊಳ್ಳಲಿಲ್ಲ, ವಾಪಸ್ ಕಳಿಸಿದೆವು. ಮೂರನೇ ವಾರಕ್ಕೆ ಬೆಳಿಗ್ಗೆ ಆರರವರೆಗೆ ಮಲಗಿದರು. ಭಾನುವಾರ ಬೆಳಿಗ್ಗೆ ಗೆಳತಿಯ ಜೊತೆ ಗೋಳಗುಮ್ಮಟದ ಕಡೆ ನಡೆದುಕೊಂಡು ಹೋಗಿ ಬರುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಫೋನ್ ಮಾಡಬಾರದು ಅಂತ ಮನೆಯಲ್ಲಿ ಮಾತಾಗಿದೆ.

ಸುಮ್ನೆ ಸುಮ್ನೆ ಅಳು, ಸಿಟ್ಟು, ಊಟ ಸೇರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ "ಗಟ್ಟಿಯಾಗಿರು" ಅಂತ ಬುದ್ಧಿ ಹೇಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಬಿಡುವು ಕೊಡುವ ಮುಂಚೆ, ಬದಲಿಗೆ ಬರುವವರಿಗಾಗಿ ಒಂದು ಹಾಳೆ ಬರೆದು ಮಂಚದ ಮೇಲಿನ ಗೋಡೆಗೆ ಅಂಟಿಸಿ. ನಮ್ಮ ಗೋಡೆಯ ಮೇಲಿರುವುದು ಹೀಗಿದೆ: ಬೆಳಿಗ್ಗೆ 7ಕ್ಕೆ ಬಿಪಿ ಮಾತ್ರೆ. 8, 10, 12ಕ್ಕೆ ಮಗ್ಗುಲು. ನೀರು ಸಣ್ಣ ಚಮಚದಲ್ಲಿ, ಕೂರಿಸಿ. ಎಡಗೈ ಎಳೆಯಬಾರದು. ಒಣಗಿದ ಕೌದಿ ಹೊರಗಿನ ಪೆಟ್ಟಿಗೆಯಲ್ಲಿ. ಕೊನೆಯ ಸಾಲು ಅಣ್ಣನ ಮಗಳು ತನ್ನ ಅವ್ವನಿಗಾಗಿ, ಅಂದರೆ ವೈನಿಗಾಗಿ, ಬರೆದದ್ದು: "ಅವ್ವ ಬಂದ ಮೇಲೆ ಎಷ್ಟು ನೀರು ಕುಡಿದಿ ಅಂತ ಕೇಳುವುದು."